ಹೇಳದೆ ಹೋಗುವವನ ಕರಬೂಜ

ನಾನು ಮೊದಲ ಸಲ ಮನೆ ಬಿಟ್ಟದ್ದು ಒಂದು ಸೋಮವಾರ. ಏಳನೇ ಕ್ಲಾಸಿನ ಲೆಕ್ಕದ ಪರೀಕ್ಷೆ ಇತ್ತು. ಶಾಲೆಯ ಹತ್ತಿರ ಬಸ್ಸು ನಿಂತಿತು, ನಾನು ಇಳಿಯಲಿಲ್ಲ. ಅಷ್ಟೇ. ಆಮೇಲೆ ಮುಂಬೈ, ಪುಣೆ, ಗೋವಾ. ಹೋಟೆಲು, ಲಾರಿ, ಜ್ಯೂಸಿನ ಅಂಗಡಿ. ಎಲ್ಲಿಂದ ಹೊರಡುವಾಗಲೂ ಯಾರಿಗೂ ಹೇಳಿದವನಲ್ಲ. ಹೀಗೆ ತಿರುಗುವವನಿಗೆ ನಗೆಪಾಟಲು ಇದ್ದದ್ದೇ. ಆದರೆ ಇಡೀ ದೇಶದಲ್ಲಿ ಆಗದಷ್ಟು ಫಜೀತಿ ಈ ಸಲ ಊರಿಗೆ ಬಂದಾಗ ಗುಲ್ವಾಡಿಯಲ್ಲಿ, ಅಕ್ಕನ ಮನೆಯ ಹಿತ್ತಲಲ್ಲೇ ಆಯಿತು.

ಗಂಟು

ಜ್ಯೂಸಿನ ಅಂಗಡಿಯಲ್ಲಿ ಕರಬೂಜದ ಬೀಜ ತೊಳೆದು ಒಣಗಿಸಿ ಕರವಸ್ತ್ರದಲ್ಲಿ ಕಟ್ಟಿ ತಂದಿದ್ದೆ. ಬಟ್ಟೆ ಒಗೆಯಲು ಚೀಲ ಬಿಚ್ಚಿದ ಅಕ್ಕನಿಗೆ ಗಂಟು ಸಿಕ್ಕಿತು. ಮೆಲ್ಲಗೆ ಒತ್ತಿ ನೋಡಿದಳು. ಮುಖ ಅರಳಿತು. ಬಿಚ್ಚಿದಳು. ಬಾಡಿತು.

"ಇಷ್ಟ್ ವರ್ಷ ಮುಂಬೈಯಂಗ್ ದುಡ್ದ್ ತಂದದ್ದ್ ಸೌತೆಬೀಜವಾ?"

"ಸೌತೆ ಅಲ್ಲ, ಕರಬೂಜ. ಹಣ್ಣಾದ್ರೆ ಹಿತ್ತಲೆಲ್ಲ ಪರಿಮಳ."

"ಹಣ್ಣಾಪುವರಿಗೆ ನೀ ಇರ್ತ್ಯಾ?"

"ಇರ್ತೆ."

"ಹೋಪತಿಗೆ ಹೇಳಿ ಹೋತ್ಯಾ?"

"ಹೇಳ್ತೆ."

ಅಕ್ಕ ಅಂಗೈಯಲ್ಲಿದ್ದ ಬೀಜಕ್ಕೆ ಹೇಳಿದಳು, "ಕೇಂಡ್ಯಲ್ದಾ? ಸಾಕ್ಷಿ ನೀನೇ."

ಮದಿ

ಹೊಳೆಬದಿಯ ಮರಳುಮಣ್ಣು, ಹಟ್ಟಿಗೊಬ್ಬರ. ಬಳ್ಳಿ ಸೊಗಸಾಗಿ ಹಬ್ಬಿತು. ಹೂವೂ ಬಿಟ್ಟಿತು, ಕಾಯಿ ಮಾತ್ರ ಕಚ್ಚಲಿಲ್ಲ. ಜೇನುನೊಣ ಸಾಲದು ಅಂತ ಯಾರೋ ಹೇಳಿದರು. ಸರಿ, ಬೆಳಿಗ್ಗೆ ಎದ್ದು ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿಗೆ ಮುಟ್ಟಿಸುತ್ತಾ ಹೋದೆ. ಜೇನುನೊಣದ ಕೆಲಸಕ್ಕೆ ಸೇರಿದ ಹಾಗೆ. ಸಂಬಳ ಬಿಟ್ಟರೆ ಬಾಕಿ ಎಲ್ಲ ಹೋಟೆಲಿನ ಹಾಗೆಯೇ.

ಬೇಲಿಯಾಚೆಯ ಅಜ್ಜಿ ಹಾಲು ಕರೆದು ಬರುತ್ತಿದ್ದವರು ನಿಂತರು. "ಹ್ವಾಯ್, ಎಂತ ಮಾಡ್ತಿದ್ದೆ ಅದ್, ಹೂಗಿನ ಕಿವಿಯಂಗೆ ಗುಟ್ಟ್ ಹೇಳ್ದಂಗೆ?"

"ಹೂಗಿಗೆ ಮದಿ ಮಾಡ್ಸ್ತಿದ್ದೆ ಅಜ್ಜಿ."

ಮದುವೆ ಅಂದದ್ದೇ ಅಜ್ಜಿ ತಂಬಿಗೆ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ತನ್ನ ಮದಿ ಮಾತ್ ತೆಗ್ದ್ರೆ ಬಸ್ ಹತ್ತುವನ್, ಹೂಗಿನ ಮದಿಗೆ ಮೀಯ್ದೆ ಓಡಿ ಬಂದಿದ."

ಬೆರಳು

ನಾಲ್ಕು ಮಿಡಿ ಕಚ್ಚಿತು. ಅಕ್ಕನ ಕಟ್ಟಪ್ಪಣೆ ಹೊರಟಿತು: ಮಿಡಿಗೆ ಯಾರೂ ಬೆರಳು ತೋರಿಸಬಾರದು, ತೋರಿಸಿದರೆ ಕೊಳೆಯುತ್ತದೆ. ನಾವಿಬ್ಬರೂ ಗದ್ದದಲ್ಲೇ ತೋರಿಸಲು ಕಲಿತೆವು.

ನೋಡಲು ಬಂದವರಲ್ಲಿ ಒಬ್ಬರು ನಿವೃತ್ತ ವಿಜ್ಞಾನದ ಮಾಸ್ಟ್ರು. "ಇದೆಲ್ಲ ಮೂಢನಂಬಿಕೆ ಮಾರಾಯ್ತಿ," ಅಂದರು. ಅಂದವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ಮೂರ್ ಕಾಂತತ್ತ್. ನಾಲ್ಕನೇದ್ ಎಲ್ಲಿತ್ತ್?" ಅಂದೆ ನಾನು, ಬೇಕಂತಲೇ.

"ಅಲ್ ಕಾಣ್, ಎಲಿ ಅಡಿಯಂಗೆ," ಅಂತ ಮಾಸ್ಟ್ರು ಕಾಲೆತ್ತಿ ತೋರಿಸಿದರು. ಸಡಿಲ ಚಪ್ಪಲಿ ಹಾರಿತು. ನಾಲ್ಕನೇ ಮಿಡಿ ಬುಡದಿಂದ ಮುರಿಯಿತು.

ಅಕ್ಕ ಚಪ್ಪಲಿ ಎತ್ತಿ ಕೊಡುತ್ತಾ ಹೇಳಿದಳು, "ಬೆರಳೇ ತೋರ್ಸ್ಲಕ್ಕಿತ್ ಮಾಸ್ಟ್ರೇ. ಕೊಳೆಯುಕೆ ನಾಲ್ಕ್ ದಿನ ಆದ್ರೂ ಹೋತಿತ್ತ್."

ಸಾಕ್ಷಿ

ಬಿಸಿಲು ಏರುತ್ತಿದ್ದಂತೆ ಕಾಯಿಯ ಮೈಮೇಲೆ ಬಲೆಯಂಥ ಗೆರೆ ಮೂಡಿತು. ಅಷ್ಟರಲ್ಲಿ ರತ್ನಾಗಿರಿಯಿಂದ ದೋಸ್ತನ ಫೋನು. ಮಾವಿನ ಸೀಸನ್ ಶುರುವಾಗಿದೆ, ಬಾ ಅಂತ. ನನ್ನ ಅಂಗಾಲು ತುರಿಸತೊಡಗಿತು.

ಮರುದಿನ ಬೆಳಿಗ್ಗೆ ನೋಡಿದರೆ ಒಂದು ಹಣ್ಣು ತಾನಾಗಿ ತೊಟ್ಟು ಬಿಟ್ಟಿದೆ. ಹಣ್ಣಾಗುವವರೆಗೆ ಇದ್ದೆನಲ್ಲ, ಮಾತಿನ ಅರ್ಧ ನಡೆಯಿತು. ಉಳಿದರ್ಧಕ್ಕೆ ನಾಲಿಗೆ ಏಳಲಿಲ್ಲ. ಹೋಗುತ್ತೇನೆ ಅಂದರೆ ಅಕ್ಕ ಏನೂ ಹೇಳುವುದಿಲ್ಲ, ಸುಮ್ಮನೆ ನೋಡುತ್ತಾಳೆ. ಅದೇ ಕಷ್ಟ. ಉಳಿದೆರಡು ಅವಳಿಗಿರಲಿ ಅಂತ ಬಿಟ್ಟು, ಆ ಹಣ್ಣನ್ನು ಎರಡು ಲುಂಗಿಯಲ್ಲಿ ಸುತ್ತಿ, ಚೀಲದ ಅಡಿಗೆ ತುರುಕಿದೆ. ಒಳಗೆ ಗ್ರೈಂಡರ್ ತಿರುಗುತ್ತಿತ್ತು. ಮೆಲ್ಲಗೆ ಜಗಲಿ ಇಳಿದೆ.

ಗ್ರೈಂಡರ್ ನಿಂತಿತು. ಅಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಮೂಗರಳಿಸಿದಳು. "ಎಂತದಾ ಅದ್, ನಿನ್ ಚೀಲ ಪರಿಮಳ ಬತ್ತಿತ್ತ್?"

"ಸೋಪ್."

"ನೀ ಎಂದಿಗ್ ಸೋಪ್ ಹಾಕ್ದವನ್?"

ಚೀಲ ಬಿಚ್ಚಿದಳು. ಲುಂಗಿ ಬಿಚ್ಚಿದಳು. ಹಣ್ಣು ಕೈಯಲ್ಲಿ ಹಿಡಿದು, "ಸಾಕ್ಷಿ ಬಾಯ್ ಬಿಡ್ತ್ ಕಾಣ್. ಇದ್ ಹಣ್ಣಾಯಿ ತೊಟ್ಟ್ ಬಿಟ್ಟದ್ದ್. ನೀ ಮಿಡಿ ಇಪ್ಪಾಗ್ಳೇ ಮನಿ ಬಿಟ್ಟವ," ಅಂದಳು.

ಬಸ್ಸು ತಪ್ಪಿತು. ತೆಂಗಿನ ಹಾಲು, ಬೆಲ್ಲ ಹಾಕಿ ರಸಾಯನ ಮಾಡಿದಳು. ಬೇಲಿಯಾಚೆಯ ಅಜ್ಜಿ ಯಾರೂ ಕರೆಯದೆಯೇ ಲೋಟ ಹಿಡಿದು ಬಂದರು. ನಾನು ನೆಟ್ಟದ್ದನ್ನು ನಾನೇ ತಿಂದದ್ದು ಅದೇ ಮೊದಲು.

ಸಂಜೆ ಮತ್ತೆ ಚೀಲ ಕಟ್ಟಿದೆ. "ಅಕ್ಕ, ಹೋಯ್ ಬತ್ತೆ."

"ಎಂತ? ಕೇಣ್ಲಿಲ್ಲೆ."

"ಹೋಯ್ ಬತ್ತೆ ಅಂದೆ."

ಆಗ ಗ್ರೈಂಡರೂ ಇರಲಿಲ್ಲ, ಏನೂ ಇರಲಿಲ್ಲ. ಎರಡನೇ ಸಲ ಕೇಳಿಸಿಕೊಂಡ ಮೇಲೆ ಅಕ್ಕ ಹಿತ್ತಲಿಗೆ ಹೋಗಿ, ಇನ್ನೇನು ಬಣ್ಣ ತಿರುಗುತ್ತಿದ್ದ ಇನ್ನೊಂದು ಕಾಯಿ ಕೊಯ್ದು ತಂದು ಚೀಲದ ಅಡಿಗೆ ಇಟ್ಟಳು.

"ಇದೆಂತಕೆ?" ಅಂದೆ.

"ಇರ್ಲಿ. ರತ್ನಾಗಿರಿಯಂಗೂ ನೀ ಹೇಳ್ದೆ ಓಡುಕೆ ಹೊರಟ್ರೆ, ಅಲ್ಲಿಯರಿಗೆ ಇದ್ ಹೇಳತ್ತ್."