ಎರಡನೇ ನಂಬರಿನ ಯೂರೋಪು

ಶಿಡ್ಲಘಟ್ಟದ ರೇಷ್ಮೆಗೂಡಿನ ಸಂತೆಯಲ್ಲಿ ಇಪ್ಪತ್ತೆರಡು ವರ್ಷ ಯಾರಿಂದಲೂ ಟೋಪಿ ಹಾಕಿಸಿಕೊಳ್ಳದ ನರಸಿಂಹಪ್ಪ, ಯೂರೋಪ್ ಖಂಡದಿಂದಲೂ ಹಾಕಿಸಿಕೊಳ್ಳುವುದಿಲ್ಲವೆಂದು ಐವತ್ತೈದನೆಯ ಇಸವಿಯ ಒಂದು ಸೋಮವಾರ ರಾಗಿಮುದ್ದೆಯ ಮುಂದೆ ಕುಳಿತು ಶಪಥ ಮಾಡಿದ.

"ನೋಡ್ತಾ ಇರು ಶ್ಯಾಮಲ! ಮೂರು ಟೂರಿನಾಗೆ ಯಾವುದು ಗಟ್ಟಿ, ಯಾವುದು ಜಾಳು, ಹೆಕ್ಕಿ ತೆಗೀತೀನಿ. ಈ ನರಸಿಂಹಪ್ಪನ ಕಣ್ಣಿಗೆ ಮಣ್ಣು ಹಾಕೋನು ಇನ್ನೂ ಹುಟ್ಟಿಲ್ಲ!"

"ಹೆಕ್ಕಿ, ಹೆಕ್ಕಿ," ಎಂದಳು ಹೆಂಡತಿ ಶ್ಯಾಮಲಮ್ಮ, ಸಾರು ಬಡಿಸುತ್ತಾ. "ಕಾಶಿಗೆ ಹೋಗೋಕೂ ಹಿಂಗೇ ಮೂರು ಕಂಪನಿ ಹೆಕ್ಕಿದ್ರಿ. ಕಾಶಿ ಅಲ್ಲೇ ಐತೆ, ನಾವು ಇಲ್ಲೇ ಇದ್ದೀವಿ."

ಮಾತು ನಿಜ. ಕಾಶಿಯ ಮೊದಲನೆಯ ಕಂಪನಿಯವನು ಬಹಳ ನಗುತ್ತಾನೆಂದು ಅನುಮಾನ, ಎರಡನೆಯವನು ನಗುವುದೇ ಇಲ್ಲವೆಂದು ಅನುಮಾನ, ಮೂರನೆಯವನು ಹದವಾಗಿ ನಗುತ್ತಾನಲ್ಲ, ಎಲ್ಲಿ ಕಲಿತ ಎಂದು ಅನುಮಾನ. ಅಷ್ಟರಲ್ಲಿ ಯಾತ್ರೆಯ ಕಾಲವೇ ಮುಗಿದುಹೋಗಿತ್ತು.

ನರಸಿಂಹಪ್ಪನದು ಹನ್ನೆರಡು ಚರಕಗಳ ರೇಷ್ಮೆ ಬಿಚ್ಚುವ ಮನೆ. ಆ ವರ್ಷ ನೂಲಿಗೆ ಒಳ್ಳೆಯ ಬೆಲೆ ಬಂದಿತ್ತು. ರೇಷ್ಮೆ ಬೆಳೆಯುವ ಊರುಗಳಲ್ಲಿ ಕೈ ಸ್ವಲ್ಪ ಸಡಿಲವಾಗಿದೆಯೆಂಬ ವಾಸನೆ ಮದರಾಸಿನ ಒಂದು ಪ್ರವಾಸಿ ಕಂಪನಿಯವರೆಗೂ ಮುಟ್ಟಿ, ಅವರು ಬಣ್ಣದ ಪುಸ್ತಕ ಕಳಿಸಿದ್ದರು. ಬೊಂಬಾಯಿಯಿಂದ ಹಡಗಿನಲ್ಲಿ ಇಟಲಿ, ಅಲ್ಲಿಂದ ಬಸ್ಸಿನಲ್ಲಿ ಇಪ್ಪತ್ತೊಂದು ದಿನ ಯೂರೋಪು, ಜೊತೆಯಲ್ಲಿ ದಾರಿ ತೋರಿಸುವವನು, ಅಡಿಗೆಯವನು. ಪಾಸ್‌ಪೋರ್ಟು ಮಾಡಿಸುವುದೂ ಕಂಪನಿಯ ಜವಾಬ್ದಾರಿ. ಬಸ್ಸಿನ ದಾರಿಯಲ್ಲಿ ಮಾತ್ರ ಮೂರು ಬಗೆ: ಒಂದು, ಎರಡು, ಮೂರು ಎಂದು ನಂಬರು.

ಶ್ಯಾಮಲಮ್ಮನಿಗೆ ನಂಬರು ಯಾವುದಾದರೂ ಒಂದೇ. ಅವಳು ಹುಟ್ಟಿದಾಗಿನಿಂದ ಕಂಡ ಅತಿ ದೊಡ್ಡ ನೀರೆಂದರೆ ಕೋಡಿ ಬಿದ್ದ ಕೆರೆ. ಪುಸ್ತಕದ ಮೊದಲ ಪುಟದಲ್ಲಿ ಸಮುದ್ರದ ನಡುವೆ ಒಂದು ಬಿಳಿಯ ಹಡಗಿತ್ತು. ಆ ಪುಟವನ್ನು ಅವಳು ದಿನಕ್ಕೊಮ್ಮೆ ತೆಗೆದು ನೋಡಿ, ಸೆರಗಿನಿಂದ ಒರೆಸಿ ಮುಚ್ಚಿಡುತ್ತಿದ್ದಳು. ಕಂಪನಿಯ ಏಜೆಂಟರು ಬರುವ ಗುರುವಾರ ಒಂದೇ ಒಂದು ದಿನ ಚಿಕ್ಕಬಳ್ಳಾಪುರದ ಲಾಡ್ಜಿನಲ್ಲಿ ಕುಳಿತು ಹೆಸರು ಬರೆದುಕೊಳ್ಳುವವರಿದ್ದರು. ಆ ದಿನ ತಪ್ಪಿದರೆ ಹಡಗೂ ಕಾಶಿಯ ದಾರಿ ಹಿಡಿದಂತೆಯೇ!

ನರಸಿಂಹಪ್ಪ ಪರೀಕ್ಷೆಗೆ ತೊಡಗಿದ. ಇಂಟರ್‌ಮೀಡಿಯೆಟ್ಟಿನಲ್ಲಿ ವಿಜ್ಞಾನ ಓದಿದ್ದವನು. ಬಾಯಿಮಾತಿನ ಅನುಮಾನ ಅವನಿಗೆ ಸಾಲದು, ಅಳತೆಯ ಅನುಮಾನವೇ ಬೇಕು. ಅಟ್ಲಾಸು ಬಿಚ್ಚಿ, ಒಂದನೇ ನಂಬರಿನ ದಾರಿಯುದ್ದಕ್ಕೂ ರೇಷ್ಮೆ ಎಳೆ ಹಾಸಿ, ಎಳೆಯನ್ನು ಅಳೆದ. ಹನ್ನೊಂದು ದೇಶ, ನಾಲ್ಕು ಸಾವಿರದ ಇನ್ನೂರು ಮೈಲಿ. ದಿನಕ್ಕೆ ಇನ್ನೂರು. ಗಂಟೆಗೆ ಮೂವತ್ತರಂತೆ ಆರು ಗಂಟೆ ನಲವತ್ತು ನಿಮಿಷ ಬಸ್ಸಿನಲ್ಲಿ. ನಿದ್ದೆಗೆ ಎಂಟು, ಊಟ ತಿಂಡಿಗೆ ಮೂರು, ಸ್ನಾನ ಇತ್ಯಾದಿಗೆ ಒಂದು. ನಲವತ್ತು ಜನರ ಪೆಟ್ಟಿಗೆ, ತಲಾ ಮೂರು ನಿಮಿಷ, ಬೆಳಿಗ್ಗೆ ಏರಿಸುವುದು, ಸಂಜೆ ಇಳಿಸುವುದು: ನಾಲ್ಕು ಗಂಟೆ.

"ಯೂರೋಪ್ ನೋಡೋಕೆ ಉಳಿಯೋದು ದಿನಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ ಕಣೇ! ಅದರಾಗೆ ಒಬ್ಬನ ಟೋಪಿ ಕಳೆದ್ರೆ ಒಂದು ದೇಶಾನೇ ಹೋಯ್ತು!"

ಮೂರನೇ ನಂಬರಿನಲ್ಲಿ ನಾಲ್ಕೇ ದೇಶ. ಅದಕ್ಕೆ ಎಳೆಯ ಬದಲು ಭೂತಗನ್ನಡಿ ಬಂತು. ಸ್ವಿಟ್ಜರ್ಲೆಂಡಿನ ಪುಟದಲ್ಲಿ ಒಂದು ಹಸು ಮೇಯುತ್ತಿತ್ತು. ಆಸ್ಟ್ರಿಯಾದ ಪುಟದಲ್ಲೂ ಒಂದು ಹಸು ಮೇಯುತ್ತಿತ್ತು. ನರಸಿಂಹಪ್ಪ ಎರಡು ಗಂಟೆ ಹಸುಗಳನ್ನೇ ನೋಡಿ ಚೀರಿದ.

"ಬಾರೇ ಇಲ್ಲಿ! ಎಡಗಡೆ ತೊಡೆ ಮೇಲೆ ಮಚ್ಚೆ ನೋಡು. ಇಲ್ಲೂ ಐತೆ, ಅಲ್ಲೂ ಐತೆ. ಎರಡು ದೇಶಕ್ಕೆ ಒಂದೇ ಹಸು!"

"ಮೇಯ್ತಾ ಮೇಯ್ತಾ ಆ ಕಡೆ ಹೋಗಿರ್ತದೆ ಬಿಡ್ರಿ."

"ಪಾಸ್‌ಪೋರ್ಟ್ ಇಲ್ದೇನೇ?"

ಉಳಿದದ್ದು ಎರಡನೇ ನಂಬರು: ಏಳು ದೇಶ. ಎಳೆ ಹಾಸಿದ, ಸರಿಹೋಯಿತು. ಭೂತಗನ್ನಡಿ ಹಿಡಿದ, ಹಸುಗಳೆಲ್ಲ ಬೇರೆಬೇರೆ. ಮಜ್ಜಿಗೆ ಕೊಡುತ್ತಾರೆಂದು ಬರೆದಿತ್ತು. ಎರಡು ದಿನ ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ಅವನ ಅನುಮಾನ ಆಕಾಶಕ್ಕೇರಿದ್ದು ಆಗಲೇ! ಮೇಲೆ, ನಡುವೆ, ತಳದಲ್ಲಿ, ಎಲ್ಲ ಕಡೆಯೂ ಗಟ್ಟಿಗೂಡೇ ಇರುವ ರಾಶಿ ಸಂತೆಗೆ ಬಂದದ್ದುಂಟೆ? ಕೊನೆಗೆ ಬುಧವಾರ ಸಂಜೆ, ಸೋತವನ ಹಾಗೆ, ಹೆಂಡತಿಯ ಕಿವಿಯಲ್ಲಿ ಹೇಳಿದ:

"ಎರಡನೇದೇ ಚೆನ್ನಾಗದೆ. ಯಾರಿಗೂ ಹೇಳ್ಬೇಡ."

ಆಗ ಸರಿಯಾಗಿ ಬಂದವನು ಪಕ್ಕದ ಬೀದಿಯ ಆವುಲಪ್ಪ. ಅವನೂ ರೇಷ್ಮೆ ಬಿಚ್ಚಿಸುವವನೇ. ಸಂತೆಯಲ್ಲಿ ಇಪ್ಪತ್ತು ವರ್ಷದಿಂದ ನರಸಿಂಹಪ್ಪನ ಎದುರಾಳಿ, ಆದ್ದರಿಂದ ಪ್ರಾಣಸ್ನೇಹಿತ.

"ಏಮಿ ಬಾವಾ, ಯೂರೋಪು ಖಾಯಮ್ಮಾ? ನಾನೂ ನಮ್ಮ ಅನಸೂಯನೂ ಹೋಗಣ ಅಂತಿದ್ದೀವಿ. ಯಾವ ನಂಬರು ಒಳ್ಳೇದು?"

"ಒಂದು ಪರವಾಗಿಲ್ಲ, ಮೂರಂತೂ ಬಂಗಾರ," ಎಂದ ನರಸಿಂಹಪ್ಪ ಆಕಳಿಸುತ್ತಾ. "ಎರಡನೇದು ಬರೀ ಜಾಳು ಆವುಲಪ್ಪ, ಮುಟ್ಟಬೇಡ."

"ಅಂಗಂತೀಯಾ?" ಎಂದ ಆವುಲಪ್ಪ, ಅವನ ಮುಖವನ್ನೇ ದಿಟ್ಟಿಸುತ್ತಾ. "ಅಷ್ಟೊಂದು ಜಾಳಾ?"

"ಅಷ್ಟೊಂದು!"

ಆವುಲಪ್ಪ ತಲೆಯಾಡಿಸಿ ಎದ್ದುಹೋದ.

ಗುರುವಾರ ಬಸ್ಸಿನಲ್ಲಿ, ಚಿಕ್ಕಬಳ್ಳಾಪುರದವರೆಗಿನ ಒಂಬತ್ತು ಮೈಲಿಯುದ್ದಕ್ಕೂ, ನರಸಿಂಹಪ್ಪ ಹೆಂಡತಿಗೆ ಪಾಠ ಮಾಡಿದ. ಸಂತೆಯಲ್ಲಿ ಒಂದು ರಾಶಿ ಮನಸ್ಸಿಗೆ ಬಂದರೆ, ಬಂದಿತೆಂದು ತೋರಿಸಬಾರದು. ಮೊದಲು ಅದನ್ನು ಹೀಗಳೆಯಬೇಕು. ಆಮೇಲೆ ಟವಲಿನ ಕೆಳಗೆ ಕೈ ಹಿಡಿದು, ಯಾರಿಗೂ ಕಾಣದಂತೆ ಬೆರಳು ಒತ್ತಿ ಬೆಲೆ ಹೇಳಬೇಕು. ಆಮೇಲೆ ಬೇಡವೆಂದು ಎದ್ದು ಹೊರಡಬೇಕು. ಹತ್ತನೆಯ ಹೆಜ್ಜೆಗೆ ಅಥವಾ ಹನ್ನೆರಡನೆಯ ಹೆಜ್ಜೆಗೆ ಮಾರುವವನು "ಬಾಪ್ಪೋ ಬಾ" ಎಂದು ಕರೆಯುತ್ತಾನೆ. ಇಪ್ಪತ್ತೆರಡು ವರ್ಷದಲ್ಲಿ ಕರೆಯದವನು ಒಬ್ಬನೂ ಇಲ್ಲ.

"ನೀನು ಹಡಗು ಕಂಡ್ರೆ ಹಲ್ಲು ಬಿಡಬೇಡ. ಮುಖದ ಮೇಲೆ ಏನೂ ಕಾಣಬಾರದು. ತಿಳೀತಾ?"

"ಆಯಪ್ಪ ಗೂಡು ಮಾರೋಕೆ ಬಂದಿದ್ದಾನೇನ್ರಿ?"

"ಮಾರೋನು ಮಾರೋನೇ ಕಣೇ! ಕೋಟು ಹಾಕಿದ ಅಷ್ಟೇ!"

ಏಜೆಂಟರು ಲಾಡ್ಜಿನ ಮಹಡಿಯ ಮೇಲೆ, ಮೇಜಿನ ಹಿಂದೆ, ಕರಿಕೋಟು ತೊಟ್ಟು ಕುಳಿತಿದ್ದರು. ಮರ್ಯಾದಸ್ಥರು. ಎದ್ದು ನಿಂತು ನಮಸ್ಕಾರ ಮಾಡಿದರು. ನರಸಿಂಹಪ್ಪನಿಗೆ ಅದೂ ಅನುಮಾನಕ್ಕೇ ಬಂತು.

"ಎರಡನೇ ನಂಬರಿನಲ್ಲಿ ಇನ್ನು ಮೂರೇ ಸ್ಥಳ ಉಳಿದಿವೆ ಸಾರ್. ತಮಗೆ ಎರಡು ಬರೆಯಲೇ?"

"ಅಯ್ಯೋ, ಏನದೆ ಅದರಾಗೆ? ಸ್ವಿಟ್ಜರ್ಲೆಂಡು! ಹಿಮ! ನಮ್ಮ ಸೋಡಾ ಅಂಗಡೀಲಿ ಮರದ ಹೊಟ್ಟಿನಾಗೆ ಮುಚ್ಚಿಟ್ಟಿರ್ತಾರೆ, ಬೇಕಾದಷ್ಟು."

ಏಜೆಂಟರು ನೋಟುಬುಕ್ಕಿನಲ್ಲಿ ಬರೆದುಕೊಂಡರು: ಹಿಮ, ಬೇಡ.

"ಪ್ಯಾರಿಸ್ಸಿನಲ್ಲಿ ಒಂದು ಎತ್ತರದ ಗೋಪುರವಿದೆ ಸಾರ್..."

"ನಂದಿಬೆಟ್ಟಕ್ಕಿಂತ ಎತ್ತರಾನಾ?"

"ಇಲ್ಲ ಸಾರ್."

"ಮತ್ತೆ?"

ಗೋಪುರ, ಬೇಡ. ವೆನಿಸ್ಸಿನಲ್ಲಿ ಬೀದಿಯೆಲ್ಲ ನೀರು ಎಂದದ್ದಕ್ಕೆ, ಚರಂಡಿ ಸರಿಯಿಲ್ಲದ ಊರಿಗೆ ನಾವೇಕೆ ಹೋಗಬೇಕು ಎಂದ. ವೆನಿಸ್, ಬೇಡ. ಹೀಗೆ ಏಳು ದೇಶಗಳನ್ನೂ ಕಾಲು ಗಂಟೆಯಲ್ಲಿ ನೆಲಸಮ ಮಾಡಿ, ಹೆಗಲ ಮೇಲಿನ ಟವಲು ತೆಗೆದು ಏಜೆಂಟರ ಬಲಗೈ ಮೇಲೆ ಹೊದಿಸಿ, ಅದರ ಕೆಳಗೆ ತನ್ನ ಕೈ ತೂರಿಸಿದ. ಐದು ಬೆರಳು ಹಿಡಿದು ಎರಡನ್ನು ಬಿಟ್ಟ. ಮತ್ತೆ ಒಂದನ್ನು ಒತ್ತಿದ.

ಏಜೆಂಟರ ಹಣೆಯಲ್ಲಿ ಬೆವರು ಮೂಡಿತು. "ನಾಡಿ ನೋಡ್ತಿದ್ದೀರಾ ಸಾರ್? ನನಗೆ ಜ್ವರ ಏನೂ ಇಲ್ಲ."

ಶ್ಯಾಮಲಮ್ಮ ಪಾಠ ಕಲಿತ ಮುಖವನ್ನು ಹಾಗೆಯೇ ಕಿಟಕಿಯ ಕಡೆಗೆ ತಿರುಗಿಸಿದಳು.

"ಹಾಗಾದರೆ ತಮಗೆ ಬೇಡ?" ಎಂದರು ಏಜೆಂಟರು ಕೈ ಬಿಡಿಸಿಕೊಂಡು.

"ಬೇಡ."

"ಖಂಡಿತ ಬೇಡ?"

"ಬೇಡ, ಬೇಡ, ಬೇಡ!" ನರಸಿಂಹಪ್ಪ ಟವಲು ಕೊಡವಿ ಎದ್ದ. ಹೆಂಡತಿಯನ್ನು ಹಿಂದಿಟ್ಟುಕೊಂಡು, ಹೆಜ್ಜೆ ಎಣಿಸುತ್ತಾ ನಡೆದ. ಹತ್ತಾಯಿತು. ಹನ್ನೆರಡಾಯಿತು. ಮೆಟ್ಟಿಲುಗಳು ಹದಿನಾರು, ಮುಗಿದವು. ಬೀದಿ ದಾಟಿದ್ದಾಯಿತು. ಯಾರೂ ಕರೆಯಲಿಲ್ಲ!

"ಪಳಗಿದ ಆಸಾಮಿ," ಎಂದ, ಎದುರಿನ ಕಾಫಿ ಹೋಟೆಲಿನಲ್ಲಿ ಕಿಟಕಿ ಕಾಣುವಂತೆ ಕುಳಿತು. "ನಲವತ್ತು ಹೆಜ್ಜೆ ಆದ್ರೂ ಕರೀಲಿಲ್ಲ. ಅಂದ್ರೆ ಒಳಗೊಳಗೇ ಎಷ್ಟು ಒದ್ದಾಡ್ತಿರಬೇಕು!"

ಒಂದು ಕಾಫಿ ಮುಗಿಯಿತು. ಕಿಟಕಿಯಲ್ಲಿ ಯಾರೂ ಇಣುಕಲಿಲ್ಲ.

"ನಾ ಒಂದು ಸಲ ಮೇಲೆ ಹೋಗಿ ನೋಡ್ಕೊಂಡು ಬರ್ಲಾ?" ಎಂದಳು ಶ್ಯಾಮಲಮ್ಮ.

ನರಸಿಂಹಪ್ಪ ಬೆರಗಾದ. ಹೆಂಡತಿಗೂ ಸಂತೆಯ ಬುದ್ಧಿ ಬಂತಲ್ಲ! "ಹೋಗು. ಬೇಹುಗಾರಿಕೆ! ಆತನ ಮುಖ ಹೆಂಗದೆ ನೋಡ್ಕೊಂಡು ಬಾ."

ಅವಳು ಹಿಂದಿರುಗುವಾಗ ಎರಡನೆಯ ಕಾಫಿ ತಣ್ಣಗಾಗಿತ್ತು.

"ಏನ್ಮಾಡ್ತಾ ಇದ್ದ?"

"ಬರೀತಾ ಇದ್ರು."

"ಮುಖ?"

"ನಗ್ತಾ ಇದ್ರು."

"ನಗು!" ನರಸಿಂಹಪ್ಪ ತೊಡೆ ತಟ್ಟಿದ. "ಅದು ಸಂಕಟದ ನಗು ಕಣೇ. ಇನ್ನು ಕಾಲು ಗಂಟೇಲಿ ಕೂಗ್ತಾನೆ ನೋಡ್ತಿರು."

ಶ್ಯಾಮಲಮ್ಮನ ಮುಖದ ಮೇಲೆ ಏನೂ ಇರಲಿಲ್ಲ.

ಆ ಕಾಲು ಗಂಟೆಯಲ್ಲಿ ಲಾಡ್ಜಿನ ಮೆಟ್ಟಿಲು ಹತ್ತಿದವರು ಆವುಲಪ್ಪ, ಅವನ ಹೆಂಡತಿ ಅನಸೂಯಮ್ಮ. ನರಸಿಂಹಪ್ಪ ಕಿಸಕ್ಕನೆ ನಕ್ಕ. "ಪಾಪ! ಮೂರನೇ ನಂಬರು ತಗೊಳ್ತಾನೆ. ಹಸು ನೋಡ್ಕೊಂಡು ಬರಲಿ!"

ಹತ್ತು ನಿಮಿಷಕ್ಕೆ ಇಬ್ಬರೂ ಇಳಿದು ಬಂದರು. ಆವುಲಪ್ಪ ರಸೀತಿಯನ್ನು ಬಾವುಟದಂತೆ ಬೀಸುತ್ತಾ ಹೋಟೆಲಿಗೇ ನುಗ್ಗಿದ.

"ಬಾವಾ, ನಿನ್ನ ಬಾಯಿಗೆ ಸಕ್ಕರೆ ಹಾಕ! ಎರಡನೇ ನಂಬರು ಸಿಕ್ತು. ಕೊನೇ ಎರಡು ಸೀಟು!"

"ಎರಡನೇದಾ? ಜಾಳು ಅಂದಿದ್ನಲ್ಲೋ!"

"ಅದಕ್ಕೇ ತಗೊಂಡಿದ್ದು! ಇಪ್ಪತ್ತು ವರ್ಷದಿಂದ ನೀನು ಜಾಳು ಅಂದ ರಾಶೀನೇ ನಾನು ಕೊಂಡು ಬದುಕಿರೋದು ಬಾವಾ!"

ನರಸಿಂಹಪ್ಪ ಮೂರನೆಯ ಕಾಫಿ ಬಿಟ್ಟು, ಟವಲು ಬಿಟ್ಟು ಓಡಿದ. ಹದಿನಾರು ಮೆಟ್ಟಿಲನ್ನು ಐದೇ ನೆಗೆತದಲ್ಲಿ ಮುಗಿಸಿದ. ಹಿಂದೆಯೇ ಶ್ಯಾಮಲಮ್ಮ ಒಂದೊಂದೇ ಮೆಟ್ಟಿಲು ಹತ್ತಿ ಬಂದಳು.

"ಸ್ವಾಮೀ, ಕೊನೇ ಎರಡು ಅಂದ್ರೆ? ಮೂರಿದ್ವಲ್ಲ! ಇನ್ನೊಂದು?"

"ಅದನ್ನು ಅಮ್ಮನವರು ತೆಗೆದುಕೊಂಡರಲ್ಲ ಸಾರ್. ಆಗಲೇ ಬಂದು ಮುಂಗಡ ಕೊಟ್ಟರು."

ಮುಂಗಡ! ಬಸ್ಸಿನಲ್ಲಿ ಜೇಬುಗಳ್ಳರಿರುತ್ತಾರೆಂಬ ಅನುಮಾನದಿಂದ ಅದನ್ನು ಹೆಂಡತಿಯ ಸೆರಗಿಗೆ ಕಟ್ಟಿದ್ದವನು ಅವನೇ.

"ಅಮ್ಮನವರು ಎರಡೇ ಕೇಳಿದರು," ಎಂದು ಏಜೆಂಟರು ನೋಟುಬುಕ್ಕು ತಿರುಗಿಸಿ ತೋರಿಸಿದರು. "ನಮ್ಮ ಕಡೆ ಬೇಡ ಅಂದರೆ ಬೇಕು ಅಂತ ಅರ್ಥ ಅಂತಲೂ ಹೇಳಿದರು. ಆದರೆ ತಾವು ಮೂರು ಸಲ ಬೇಡ ಎಂದಿದ್ದೀರಿ. ನಾನು ಒತ್ತಾಯ ಮಾಡಿ ಯಾರನ್ನೂ ಕರೆದೊಯ್ಯುವುದಿಲ್ಲ. ಈಗ ಒಂದು ಉಪಕಾರವಾಗಬೇಕು. ಅಮ್ಮನವರ ಪಾಸ್‌ಪೋರ್ಟ್ ಅರ್ಜಿಯ ಜೊತೆ ಯಜಮಾನರ ಒಪ್ಪಿಗೆ ಇರಬೇಕು ಅಂತ ನಮ್ಮ ಕಂಪನಿಯ ಪದ್ಧತಿ. ಇಲ್ಲಿ ರುಜು ಮಾಡಿದರೆ ಸರಿ. ಇಲ್ಲದಿದ್ದರೆ ಅದನ್ನೂ ಹೊಡೆದುಹಾಕುತ್ತೇನೆ."

ಕಾಗದ ಮೇಜಿನ ಮೇಲೆ ಬಂತು. ನರಸಿಂಹಪ್ಪ ಹೆಂಡತಿಯ ಕಡೆ ತಿರುಗಿದ. ಮೂರು ತಾಲ್ಲೂಕಿನ ರೈತರ ಮುಖ ನೋಡಿಯೇ ಅವರ ಮನಸ್ಸಿನ ಬೆಲೆ ಹೇಳುತ್ತಿದ್ದವನು, ಆ ಮುಖದಲ್ಲಿ ಏನೂ ಓದಲಾರದೆ ತಡವರಿಸಿದ.

"ನಿಜವಾಗ್ಲೂ ಹೋಗ್ಬೇಕು ಅಂತ ಐತೇನೇ ನಿಂಗೆ?"

"ಐತೆ," ಎಂದಳು ಶ್ಯಾಮಲಮ್ಮ. "ಸಮುದ್ರ ನೋಡ್ಬೇಕು ಅಂತ ಮದುವೆಗೆ ಮುಂಚಿನಿಂದ ಐತೆ. ನೀವು ಎಲ್ಲಾನೂ ಕೇಳಿದ್ರಿ, ಹಸು ಮಚ್ಚೆ ಕೂಡ ಕೇಳಿದ್ರಿ. ಇದೊಂದು ಕೇಳ್ಲಿಲ್ಲ."

ಅವಳ ದನಿಯಲ್ಲಿ ತಳವೂ ಮೇಲೂ ಒಂದೇ ಇತ್ತು. ಅನುಮಾನಿಸಲು ಸಾಸಿವೆಯಷ್ಟು ಜಾಗ ಸಿಗಲಿಲ್ಲ. ನರಸಿಂಹಪ್ಪ ಕನ್ನಡಕ ಒರೆಸಿಕೊಂಡು, ಜನ್ಮದಲ್ಲಿ ಮೊದಲ ಬಾರಿಗೆ, ಓದದೆಯೇ ಒಂದು ಕಾಗದಕ್ಕೆ ರುಜು ಹಾಕಿದ.

ಹಾಕಿದ ಮೇಲೆ ಬೆರಳು ಮಡಿಸಿ ಲೆಕ್ಕ ಹಾಕಿದ. ಹಡಗಿನಲ್ಲಿ ಅವಳು, ಆವುಲಪ್ಪ, ಅನಸೂಯಮ್ಮ. ಶಿಡ್ಲಘಟ್ಟದಲ್ಲಿ ಅವನು, ಹನ್ನೆರಡು ಚರಕ.

"ಸ್ವಾಮೀ, ಮೂರನೇ ನಂಬರಿಗೂ ಅದೇ ಹಡಗಾ?"

"ಅದೇ ಹಡಗು ಸಾರ್. ಅದರಲ್ಲಿ ಒಂದೇ ಒಂದು ಸ್ಥಳ ಇದೆ."

"ಬೇಕು! ನನಗೆ ಬರೀರಿ. ಹಸು ಒಂದೇ ಆದ್ರೂ ಸರಿ. ಬೇಕು, ಬೇಕು, ಬೇಕು!"

ಏಜೆಂಟರು ಬರೆಯಲು ಎತ್ತಿದ ಪೆನ್ನನ್ನು ಅಲ್ಲೇ ನಿಲ್ಲಿಸಿದರು. ನರಸಿಂಹಪ್ಪನನ್ನು ತಮ್ಮ ಕನ್ನಡಕದ ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ನೋಡಿದರು. ಆಮೇಲೆ ಬಹಳ ಎಚ್ಚರಿಕೆಯಿಂದ ಶ್ಯಾಮಲಮ್ಮನನ್ನು ಕೇಳಿದರು:

"ಅಮ್ಮಾ, ಇವರು ಈಗ ಬೇಕು ಅಂತಿದ್ದಾರೆ. ನಿಮ್ಮ ಕಡೆ ಹಾಗಂದರೆ ಏನರ್ಥ?"

ಶ್ಯಾಮಲಮ್ಮ ಉತ್ತರ ಕೊಡಲು ಅವಸರಪಡಲಿಲ್ಲ. ಗಂಡನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿ, ದೊಡ್ಡದಾಗಿ ಆಕಳಿಸಿದಳು.

"ರೀ, ನೀವು ಸ್ವಲ್ಪ ಕೆಳಗೆ ಹೋಗಿ ಬೀದೀಲಿ ನಿಂತ್ಕೊಳ್ಳಿ," ಎಂದಳು. "ಬೇಕಾದ್ರೆ ಕರೀತೀವಿ."