ನಲವತ್ತಾರು ಇಂಚಿನ ಪ್ಯಾಂಟು

ಮಾಧವನ ಹಳೆಯ ಪ್ಯಾಂಟುಗಳನ್ನೆಲ್ಲ ಅವನ ಹೆಂಡತಿ ವಿಮಲಾ ಯಾವತ್ತೋ ಕತ್ತರಿಸಿ ಚೀಲ ಹೊಲಿದುಬಿಟ್ಟಿದ್ದಳು. ಆ ಭಾನುವಾರ ನಡೆದದ್ದಕ್ಕೆಲ್ಲ ಅದೇ ಮೂಲ. ಕಾಲಿಗೊಂದು ಚೀಲ, ಸೊಂಟದ ಭಾಗಕ್ಕೆ ಇನ್ನೊಂದು. ಹೀಗೆ ಒಂದು ಪ್ಯಾಂಟಿಗೆ ಮೂರರಂತೆ ಹೊಲಿದು ನೆಂಟರಿಗೆಲ್ಲ ಹಂಚಿಯೂ ಆಗಿತ್ತು. ಚಿಕ್ಕಲಸಂದ್ರದಲ್ಲಿರುವ ಅವಳ ತಂಗಿ ಇವತ್ತಿಗೂ ಸೊಪ್ಪು ತರುವುದು ಭಾವನ ಬಲಗಾಲಿನಲ್ಲೇ.

ಬೆಳಗ್ಗೆ ಏಳಕ್ಕೆ ಶಾಮಣ್ಣನವರು ಬಾಗಿಲು ಬಡಿದರು. ನಿವೃತ್ತರಾದ ಮೇಲೆ ಬನಶಂಕರಿಯ ಆ ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾದವರು. ಕಸದ ಗಾಡಿಯಿಂದ ಹಿಡಿದು ಕನ್ನಡ ರಾಜ್ಯೋತ್ಸವದವರೆಗೆ ಅವರ ಕೈ ತಾಗದೆ ಏನೂ ನಡೆಯುತ್ತಿರಲಿಲ್ಲ.

"ಮಾಧವ, ಬ್ಯಾನರ್ ರೆಡಿ ಕಣ್ರೀ!" ಎಂದು ಮೊಬೈಲನ್ನು ಮಾಧವನ ಮೂಗಿಗೆ ಹಿಡಿದರು.

'ಮೂವತ್ತಾರು ಕೆ.ಜಿ. ಇಳಿಸಿದ ನಮ್ಮ ಮಾಧವ: ಕಲಿತ ಪಾಠಗಳು' ಎಂದಿತ್ತು. ಅದರ ಕೆಳಗೆ ಇನ್ನೂ ದಪ್ಪ ಅಕ್ಷರದಲ್ಲಿ, 'ಹಳೆಯ ಪ್ಯಾಂಟಿನ ಪ್ರದರ್ಶನವೂ ಇರುತ್ತದೆ.'

"ಪ್ಯಾಂಟಾ?"

"ಮತ್ತೆ? ಬರೀ ಮಾತು ಕೇಳೋಕೆ ಭಾನುವಾರ ಸಂಜೆ ಯಾರ್ರೀ ಬರ್ತಾರೆ? ಜಾಹೀರಾತಲ್ಲಿ ಬರತ್ತಲ್ಲ, ಹಳೇ ಪ್ಯಾಂಟಿನ ಒಂದೇ ಕಾಲೊಳಗೆ ಎರಡೂ ಕಾಲು ತೂರಿಸಿ ನಿಲ್ಲೋದು! ಹಾಗೆ ಒಂದ್ನಿಮಿಷ ನಿಂತ್ಬಿಡಿ. ಐದು ಗಂಟೆಗೆ, ಪಾರ್ಕ್ ಪಕ್ಕದ ಮೀಟಿಂಗ್ ಹಾಲ್‌ನಲ್ಲಿ. ಕಾಫಿ, ಬೋಂಡ ಸಂಘದ್ದು."

ಪ್ಯಾಂಟು ಇಲ್ಲ ಎಂದು ಆಗಲೇ ಹೇಳಿಬಿಡಬೇಕಿತ್ತು. ಎರಡನೇ ಸಲ ಅನ್ನ ಬಡಿಸಲು ಬಂದವರಿಗೆ ಬೇಡ ಅನ್ನುವುದನ್ನು ಮಾಧವ ಮೂರು ವರ್ಷದಲ್ಲಿ ಚೆನ್ನಾಗಿ ಕಲಿತಿದ್ದ. ಅನ್ನವಿಲ್ಲದೆ ಬಂದವರಿಗೆ ಆ ಮಾತು ಹೇಳಲು ಮಾತ್ರ ಅವನಿಗೆ ಇನ್ನೂ ನಾಲಿಗೆ ಹೊರಳುತ್ತಿರಲಿಲ್ಲ. "ಆಗ್ಲಿ ಸಾರ್" ಅಂದ.

"ಚೀಲಾನೇ ತಗೊಂಡೋಗಿ ತೋರಿಸಿ" ಎಂದಳು ವಿಮಲಾ. "ಇದ್ದದ್ದು ಇದ್ದ ಹಾಗೆ ಹೇಳೋಕೆ ನಿಮಗೇನ್ರೀ ಕಷ್ಟ?"

ಕಷ್ಟವಿತ್ತು. ಬ್ಯಾನರು ಆಗಲೇ ಬಡಾವಣೆಯ ನಾಲ್ಕೂ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿತ್ತು.

ತಿಂಡಿ ಮುಗಿಸಿ ಅವನು ಜಯನಗರ ಫೋರ್ತ್ ಬ್ಲಾಕಿಗೆ ಹೋದ. ಅಂಗಡಿಯವನಿಗೆ ಮೆಲ್ಲಗೆ "ನಲವತ್ತಾರು ಸೈಜ್ ಇದೆಯಾ?" ಎಂದು ಕೇಳಿದರೆ, ಅವನು ಒಳಗಿದ್ದವನಿಗೆ ಇಡೀ ಕಾಂಪ್ಲೆಕ್ಸಿಗೆ ಕೇಳುವಂತೆ "ನಲವತ್ತಾರಂತೆ ಕಣೋ, ಇದೆಯೇನೋ?" ಎಂದು ಕೂಗಿದ. ನಾಲ್ಕೈದು ಜನ ತಿರುಗಿ ನೋಡಿದರು. ಈಗ ಮೂವತ್ನಾಲ್ಕರ ಸೊಂಟವಿದ್ದರೂ ಮಾಧವ ಹೊಟ್ಟೆ ಒಳಗೆಳೆದುಕೊಂಡ. ಮೈ ಇಳಿದಿತ್ತು, ನಾಚಿಕೆ ಇನ್ನೂ ಹಳೇ ಅಳತೆಯಲ್ಲೇ ಇತ್ತು.

"ಆ ಸೈಜ್ ಹೊಲಿಸ್ಬೇಕು ಸಾರ್. ಯಾರಿಗೆ, ಫಾದರ್‌ಗಾ?"

ಬರಿಗೈಯಲ್ಲಿ ವಾಪಸು ಬರುವಾಗ ಮನೆಯ ತಿರುವಿನ ಹೊಂಗೆ ಮರದ ಕೆಳಗೆ ಹನುಮಯ್ಯನ ಇಸ್ತ್ರಿ ಗಾಡಿ ಕಂಡಿತು. ಗಾಡಿಯ ಮೇಲೆ, ಮದುವೆ ಮನೆಗೆ ಕಟ್ಟಿದ ಶಾಮಿಯಾನದಂತೆ, ಒಂದು ಕಂದು ಬಣ್ಣದ ಪ್ಯಾಂಟು ಹರಡಿಕೊಂಡಿತ್ತು. ಮಾಧವ ಗಕ್ಕನೆ ನಿಂತ.

"ಹನುಮಯ್ಯ, ಇದ್ಯಾರದು?"

"ಮೂರನೇ ಕ್ರಾಸಿನ ಸಾರ್‌ದು. ಬೆಳಗ್ಗೆ ಕೊಟ್ಟೋದ್ರು. ಸಂಜೆ ಒಳಗೆ ಅರ್ಜೆಂಟ್ ಅಂದ್ರು. ಎಲ್ರೂ ಅರ್ಜೆಂಟ್ ಅಂತಾರೆ ಸಾರ್, ಮೂರು ದಿನ ಯಾರೂ ಈ ಕಡೆ ತಲೆ ಹಾಕಲ್ಲ."

"ಏಳು ಗಂಟೆವರೆಗೆ ನಂಗೆ ಕೊಡು."

ಹನುಮಯ್ಯ ಮಾಧವನ ಸೊಂಟ ನೋಡಿದ, ಪ್ಯಾಂಟು ನೋಡಿದ. "ನಿಮಗ್ಯಾಕೆ ಸಾರ್? ಇದ್ರೊಳಗೆ ನೀವು ಕಾಣೆಯಾಗ್ಬಿಡ್ತೀರ."

ವಿಷಯ ಹೇಳಬೇಕಾಯಿತು. ಹನುಮಯ್ಯ ನಗಲಿಲ್ಲ, ಬಯ್ಯಲೂ ಇಲ್ಲ. ಸುಮ್ಮನೆ ಇದ್ದಿಲು ಕೆದಕಿದ. ಮಾಧವನಿಗೆ ಅದೇ ಹೆಚ್ಚು ನಾಟಿತು. ಕೊನೆಗೆ, "ಗೆರೆ ಮುರೀಬಾರ್ದು, ಅಷ್ಟೇ" ಎಂದು ಪ್ಯಾಂಟನ್ನು ಪೇಪರಿನಲ್ಲಿ ಸುತ್ತಿಕೊಟ್ಟ.

ಐದೂಕಾಲಿಗೆ ಸಭಾಂಗಣ ತುಂಬಿತ್ತು. ಅರವತ್ತು ಜನ ಇದ್ದಿರಬೇಕು. ಮಾಧವ ಇದ್ದದ್ದು ಇದ್ದ ಹಾಗೆಯೇ ಶುರುಮಾಡಿದ. ಗೃಹಪ್ರವೇಶವೊಂದರಲ್ಲಿ ಪ್ಲಾಸ್ಟಿಕ್ ಕುರ್ಚಿ ಮುರಿದು ಎಲ್ಲರೆದುರು ನೆಲಕ್ಕೆ ಕೂತದ್ದು. ಮರುದಿನವೇ ಹಟ ಹಿಡಿದು ಹನ್ನೊಂದು ದಿನ ಬರೀ ಸೋರೆಕಾಯಿ ರಸ ಕುಡಿದು, ಹನ್ನೆರಡನೇ ದಿನ ಆಫೀಸಿನ ಲಿಫ್ಟಿನಲ್ಲಿ ತಲೆ ತಿರುಗಿ ಬಿದ್ದದ್ದು. ಇಳಿದ ಐದು ಕೆ.ಜಿ. ತಿಂಗಳೊಳಗೆ ಏಳಾಗಿ ವಾಪಸು ಬಂದದ್ದು. ಆಮೇಲೆ ಹಟ ಬಿಟ್ಟು, ತಟ್ಟೆಗೆ ಒಂದೇ ಸಲ ಬಡಿಸಿಕೊಳ್ಳುವುದು, ದಿನಾ ಮುಕ್ಕಾಲು ಗಂಟೆ ನಡೆಯುವುದು, ರಾತ್ರಿ ಊಟ ಬೇಗ ಮುಗಿಸುವುದು.

"ಯುಗಾದಿಗೆ ನಾನೂ ಒಬ್ಬಟ್ಟು ತಿಂದೆ. ಮೂರು. ಮೊದಲೆಲ್ಲ ಹಾಗೆ ತಪ್ಪಿದ್ರೆ, ಕೆಟ್ಟೇ ಹೋಯ್ತಲ್ಲ ಅಂತ ಅವತ್ತಿಂದ ಎಲ್ಲಾ ಬಿಟ್ಬಿಡ್ತಿದ್ದೆ. ಈ ಸಲ ಮರುದಿನ ಎದ್ದು ಮತ್ತೆ ನಡೆದೆ. ಮೂರು ವರ್ಷ ಮಾಡಿದ್ದು ಇಷ್ಟೇ. ತಿಂಗಳಿಗೆ ಒಂದು ಕೆ.ಜಿ."

ಸಭೆ ಮುಂದಿನದಕ್ಕಾಗಿ ಕಾಯಿತು. ಮುಂದೇನೂ ಇರಲಿಲ್ಲ.

ಮುಂದಿನ ಸಾಲಿನಲ್ಲಿ ನೋಟ್‌ಬುಕ್ ತೆರೆದು ಕೂತಿದ್ದ ವಿಜಯಲಕ್ಷ್ಮಿ ಮೇಡಂ ಕೇಳಿದರು, "ಜೀರಿಗೆ ನೀರು ಎಷ್ಟೊತ್ತಿಗೆ ಕುಡೀತಿದ್ರಿ?"

"ಕುಡೀಲಿಲ್ಲ ಮೇಡಂ."

"ಪೌಡರ್?"

"ಇಲ್ಲ."

"ಮತ್ತೆ ಇಳಿದಿದ್ದು ಹೇಗೆ?" ಎಂದು ಅವರು ನೋಟ್‌ಬುಕ್ ಮುಚ್ಚಿದರು. ಹಿಂದೆ ಯಾರೋ ಆಕಳಿಸಿದರು. ಬೋಂಡದ ವಾಸನೆ ಬರುತ್ತಿದ್ದ ಕಡೆಗೆ ಜನರ ಕತ್ತು ತಿರುಗತೊಡಗಿತು. ಶಾಮಣ್ಣನವರು ಪಕ್ಕದಿಂದ ಕಣ್ಣು ಕೈ ಎರಡರಲ್ಲೂ "ಪ್ಯಾಂಟು, ಪ್ಯಾಂಟು" ಎಂದು ಸನ್ನೆ ಮಾಡಿದರು.

ಮಾಧವ ಪೇಪರು ಬಿಚ್ಚಿ ಪ್ಯಾಂಟನ್ನು ಎತ್ತಿ ಹಿಡಿದ.

ಸಭೆ ಭೋರೆಂದು ನಕ್ಕಿತು. ಅಂಥ ನಗು ಮಾಧವ ಜೀವಮಾನವೆಲ್ಲ ಕೇಳಿದ್ದ, ಆದರೆ ಯಾವಾಗಲೂ ಅವನ ಬೆನ್ನ ಹಿಂದೆ. ಈಗ ಮೊದಲ ಸಲ ಆ ನಗು ಅವನ ಕೈಯಲ್ಲಿತ್ತು. ತಲೆಗೇರಿತು.

"ಇದನ್ನ ಹೊಲಿಯೋಕೆ ಟೈಲರ್ ಎರಡು ಟೇಪು ಗಂಟು ಹಾಕಿದ್ದ!" ಎಂದ. ನಗು. "ಮಳೆ ಬಂದ್ರೆ ಕಾರಿಗೆ ಹೊದಿಸ್ತಿದ್ವಿ!" ಇನ್ನೂ ದೊಡ್ಡ ನಗು. "ಒಗೆದು ಹಾಕಿದ್ರೆ ಎದುರು ಮನೆಗೆ ಬಿಸಿಲೇ ಬೀಳ್ತಿರ್ಲಿಲ್ಲ!" ಒಂದೂ ಅವನ ಸ್ವಂತದ್ದಲ್ಲ. ಎಲ್ಲ ಆಫೀಸಿನವರು ಅವನ ಮೇಲೆ ಎಸೆದಿದ್ದ ಮಾತುಗಳೇ. ಆಗ ಅವನು ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡು ಬಂದು ತಾನೂ ನಗುತ್ತಿದ್ದ.

ಪ್ಯಾಂಟಿನ ಒಂದೇ ಕಾಲೊಳಗೆ ಎರಡೂ ಕಾಲಿಳಿಸಿ ತಲೆಯೆತ್ತಿದಾಗ ಕೊನೆಯ ಸಾಲಿನಲ್ಲಿ ನಗದೆ ಕೂತಿದ್ದ ಒಬ್ಬರು ಕಂಡರು. ಭಾರೀ ಆಳು. ಬಿಳಿ ಪಂಚೆ. ಒಂದರೊಳಗೊಂದು ಸೇರಿಸಿದ ಎರಡು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದರು. ಆ ಉಪಾಯ ಮಾಧವನಿಗೆ ಗೊತ್ತಿತ್ತು. ಒಮ್ಮೆ ಕುರ್ಚಿ ಮುರಿದುಕೊಂಡವರಿಗಷ್ಟೇ ಹೊಳೆಯುವ ಉಪಾಯ ಅದು.

ಮಾಧವ ಪ್ಯಾಂಟು ಕಳಚಲು ಬಗ್ಗಿದ. ಅಷ್ಟರಲ್ಲಿ ಶಾಮಣ್ಣನವರಿಗೂ ಅವರು ಕಂಡರು.

"ಬನ್ನಿ ಸಂಜೀವಯ್ಯನೋರೆ, ಮುಂದೆ ಬನ್ನಿ! ನೋಡಿ ಎಲ್ರೂ, ನಮ್ಮ ಮೂರನೇ ಕ್ರಾಸಿನವರು, ಇವರಿಗೆ ಸರಿಹೋಗ್ಬಹುದು ಈ ಪ್ಯಾಂಟು!"

"ಬೇಡ ಸಾರ್" ಎಂದ ಮಾಧವ, ಅಷ್ಟು ಮೆಲ್ಲಗೆ ಎಂದರೆ ಮೈಕಿಗೂ ಕೇಳಿಸಲಿಲ್ಲ.

ಸಂಜೀವಯ್ಯನವರು ನಿಧಾನವಾಗಿ ನಡೆದು ಬಂದರು. ಮಾಧವ ಕಳಚಿಕೊಟ್ಟ ಪ್ಯಾಂಟನ್ನು ಕೈಯಲ್ಲಿ ಹಿಡಿದು, ಸೊಂಟದ ಪಟ್ಟಿ ತಿರುಗಿಸಿ ಒಳಗಿನ ಹೊಲಿಗೆ ನೋಡಿದರು. ಆಮೇಲೆ ಮಾಧವನನ್ನು ನೋಡಿದರು.

"ಹೇಗೆ, ಆಗತ್ತಾ ನಿಮಗೆ?" ಎಂದರು ಶಾಮಣ್ಣ.

"ಆಗತ್ತೆ" ಎಂದರು ಸಂಜೀವಯ್ಯ. "ಇವತ್ತು ಬೆಳಗ್ಗೆಯಿಂದ ಆಗ್ತಾ ಇದೆ."

ಯಾರಿಗೂ ಅರ್ಥವಾಗಲಿಲ್ಲ. ಹಾಸ್ಯವಿರಬೇಕೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಜೀವಯ್ಯನವರು ಪ್ಯಾಂಟನ್ನು ಗೆರೆಗೆ ಗೆರೆ ಸೇರಿಸಿ ಮಡಚಿ ಮೇಜಿನ ಮೇಲಿಟ್ಟು, ಹೊರಗೆ ಹೋದರು.

ಮಾಧವ ಹಿಂದೆಯೇ ಓಡಿದ. ಅವರು ಪಾರ್ಕಿನ ಗೇಟಿನ ಹತ್ತಿರ ನಿಂತಿದ್ದರು.

"ಸಾರ್, ಅದು ನಿಮ್ಮ ಪ್ಯಾಂಟು... ನನ್ನ ತಪ್ಪು ಸಾರ್. ಹನುಮಯ್ಯಂದೇನೂ ಇಲ್ಲ. ನಾನೂ ಹಾಗೇ ಇದ್ದೆ, ಆದ್ರೂ ಹಾಗೆಲ್ಲ ಮಾತಾಡ್ದೆ. ಈಗ್ಲೂ ಅಷ್ಟು ದಪ್ಪ ಇರೋರು ಅಲ್ಲಿ ಕೂತಿದ್ದಾರೆ ಅಂತ..."

"ಈಗ್ಲೂ ಅಲ್ಲ ಮಾಧವ ಅವರೇ" ಎಂದರು ಸಂಜೀವಯ್ಯ. ಸಿಟ್ಟಿನ ದನಿಯಲ್ಲ. "ಅದು ನನ್ನ ಹಳೇ ಪ್ಯಾಂಟು. ಎಂಟು ವರ್ಷದಿಂದ ಬೀರುವಲ್ಲಿತ್ತು. ಆಗ್ತಿರ್ಲಿಲ್ಲ. ಐವತ್ತೆರಡಕ್ಕೆ ಹೋಗಿದ್ದೆ ನಾನು."

ಅವರು ಗೇಟಿನಾಚೆಯ ನಡಿಗೆ ದಾರಿಯತ್ತ ಕೈ ತೋರಿಸಿದರು.

"ಹದಿನಾಲ್ಕು ತಿಂಗಳಿಂದ ಇದೇ ಪಾರ್ಕಲ್ಲಿ ನಿಮ್ಮ ಹಿಂದೇನೇ ನಡೀತಿದ್ದೀನಿ. ನೀವು ಮೂರು ಸುತ್ತು ಹಾಕೋ ಹೊತ್ತಿಗೆ ನಂದು ಒಂದು. ನಿಮಗೆ ಗೊತ್ತಾಗ್ದೆ ಇರ್ಲಿ ಅಂತ ದೂರಾನೇ ಇರ್ತಿದ್ದೆ. ಹತ್ತೊಂಬತ್ತು ಕೆ.ಜಿ. ಹೋಯ್ತು. ಇವತ್ತು ಬೆಳಗ್ಗೆ ಆ ಪ್ಯಾಂಟಿಗೆ ಗುಂಡಿ ಹಾಕೋಕಾಯ್ತು ನೋಡಿ, ನಮ್ಮನೇಲಿ ದೇವ್ರಿಗೆ ದೀಪ ಹಚ್ಚಿದ್ರು. ನಿಮ್ಮ ಭಾಷಣಕ್ಕೆ ಅದನ್ನೇ ಹಾಕ್ಕೊಂಡು ಬಂದು ನಿಮಗೆ ತೋರಿಸೋಣಾಂತ ಇಸ್ತ್ರಿಗೆ ಕೊಟ್ಟಿದ್ದೆ. ನಾಲ್ಕು ಗಂಟೆಗೆ ಹೋದ್ರೆ ಹನುಮಯ್ಯ ಇದ್ದಿಲು ಮುಗೀತು ಅಂದ."

ಮಾಧವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಬ್ಬ ಮನುಷ್ಯ ಹದಿನಾಲ್ಕು ತಿಂಗಳು ಬೆವರಿಳಿಸಿ ಮುಟ್ಟಿದ ಜಾಗದಲ್ಲಿ ನಿಂತು ಅವನು ಅರವತ್ತು ಜನರನ್ನು ನಗಿಸಿದ್ದ.

"ಈಗ್ಲೇ ಒಳಗೆ ಹೋಗಿ ಮೈಕಲ್ಲಿ ನಿಜ ಹೇಳ್ತೀನಿ ಸಾರ್."

"ಬೇಡ. ಪ್ಯಾಂಟು ತಂದ್ಕೊಡಿ, ಸಾಕು. ನಾಳೆ ಆಫೀಸಿಗೆ ಹಾಕ್ಕೊಂಡು ಹೋಗ್ಬೇಕು. ನಮ್ಮವರು ನೋಡ್ಲಿ."

ಮಾಧವ ಒಳಗೆ ನುಗ್ಗಿದ. ಜನ ಬೋಂಡ ಹಿಡಿದು ಮೇಜಿನ ಸುತ್ತ ಮುತ್ತಿಕೊಂಡಿದ್ದರು. ಹೇಗೋ ದಾರಿ ಮಾಡಿಕೊಂಡು ಮೈಕು ಹಿಡಿದು, ಬೇಡವೆಂದರೂ ಕೇಳದೆ, ಜೀವಮಾನದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಹೇಳಿದ: "ಎಲ್ರೂ ಕೇಳಿ. ಆ ಪ್ಯಾಂಟು ನನ್ನದಲ್ಲ!"

ಶಾಮಣ್ಣನವರು ಗದ್ಗದಿತರಾಗಿ ಚಪ್ಪಾಳೆ ಶುರುಮಾಡಿದರು.

"ಎಂಥಾ ಮಾತು! ಹಳೇ ಮೈ ನನ್ನದಲ್ಲ, ಹಳೇ ಪ್ಯಾಂಟೂ ನನ್ನದಲ್ಲ! ಬರ್ಕೊಳ್ಳಿ ವಿಜಯಲಕ್ಷ್ಮಿಯವರೇ, ಇದು ಪಾಠ ಅಂದ್ರೆ!"

"ಅಲ್ಲ ಸಾರ್, ನಿಜವಾಗ್ಲೂ ನನ್ನದಲ್ಲ..."

"ಗೊತ್ತು ಕಣ್ರೀ, ಗೊತ್ತು! ಅದಕ್ಕೇ ನಾವೂ ಅದಕ್ಕೊಂದು ಗತಿ ಕಾಣಿಸಿದ್ದೀವಿ. ಶಾಲು ಹೊದಿಸೋದು ಹಳೇದಾಯ್ತು ಅಂತ..."

ಗುಂಪು ಸರಿಯಿತು. ಮೇಜಿನ ಮೇಲೆ ಪ್ಯಾಂಟು ಅಂಗಾತ ಮಲಗಿತ್ತು. ಎರಡು ಕಾಲುಗಳ ಉದ್ದಕ್ಕೂ, ಹಿಂದೆ ಮುಂದೆ, ಅರವತ್ತು ಜನರ ಸಹಿ. ಅಳಿಸದ ಮಾರ್ಕರ್ ಪೆನ್ನಿನಲ್ಲಿ. ಜೇಬಿನ ಹತ್ತಿರ ಬೋಂಡದ ಎಣ್ಣೆ. ಕುಳಿತುಕೊಳ್ಳುವ ಭಾಗದ ಮೇಲೆ ಅಡ್ಡಡ್ಡಲಾಗಿ ಶಾಮಣ್ಣನವರ ದುಂಡು ಅಕ್ಷರ: 'ಇಂಥ ಗಾತ್ರ ಶತ್ರುವಿಗೂ ಬೇಡ.'

"ನಿಮ್ಮದೊಂದೇ ಬಾಕಿ" ಎಂದು ಅವರು ಪೆನ್ನು ತುರುಕಿದರು. ಮಾಧವ ತಲೆಯಾಡಿಸಿದ. ಅವರು ಅವನ ಕೈ ಹಿಡಿದು ಬಟ್ಟೆಗೆ ಒತ್ತಿದರು. ಹತ್ತು ಮೊಬೈಲುಗಳು ಮೇಲೆದ್ದವು. ಬೇಗ ಹೊರಗೆ ಹೋಗಬೇಕಿದ್ದ ಮಾಧವ, ಕೈ ಬಿಟ್ಟರೆ ಸಾಕೆಂದು, ಸಹಿ ಹಾಕಿದ.

ಗೇಟಿನ ಬೀದಿದೀಪ ಆಗ ತಾನೇ ಹತ್ತಿತ್ತು. ಸಂಜೀವಯ್ಯನವರು ಎರಡೂ ಕೈ ಮುಂದೆ ಚಾಚಿ ಪ್ಯಾಂಟು ತೆಗೆದುಕೊಂಡರು, ಬಿಡಿಸಿದರು. ಮೊಣಕಾಲಿನಿಂದ ಶುರುಮಾಡಿ ಮೇಲಿನವರೆಗೆ ಒಂದೊಂದೇ ಹೆಸರು ಓದಿದರು. ಹಿಂದೆ ತಿರುಗಿಸಿ ಶಾಮಣ್ಣನವರ ಸಾಲನ್ನೂ ಓದಿದರು. ಮಾಧವ ಚಪ್ಪಲಿಯ ತುದಿ ನೋಡುತ್ತ ನಿಂತಿದ್ದ.

ಸಂಜೀವಯ್ಯನವರು ಕನ್ನಡಕ ಸರಿಪಡಿಸಿಕೊಂಡು, ಬಟ್ಟೆಯನ್ನು ದೀಪದ ಹತ್ತಿರಕ್ಕೆ ಹಿಡಿದರು.

"ಇದೊಂದು ಇನ್ನೂ ಹಸಿ ಇದೆ" ಎಂದರು. "ಇದು ನಿಮ್ಮದೇ ಅಲ್ವಾ?"