ಬೇಳೆ ಬೇಯದ ಊರುಗಳು

ಊರು ಆರಿಸುವವರು ಗುಡ್ಡ ನೋಡುತ್ತಾರೆ, ಸಮುದ್ರ ನೋಡುತ್ತಾರೆ, ತೀರ ಬುದ್ಧಿವಂತರಾದರೆ ಆಸ್ಪತ್ರೆ ಎಷ್ಟು ದೂರವೆಂದು ನೋಡುತ್ತಾರೆ. ನಾನು ಬೇಳೆ ಬೇಯಿಸಿ ನೋಡುತ್ತೇನೆ. ನಗಬೇಡಿ. ಚೆನ್ನೈನ ಹೋಟೆಲೊಂದರಲ್ಲಿ ಮೂವತ್ತಾರು ವರ್ಷ ಸಾಂಬಾರಿನ ಹಂಡೆಯ ಮುಂದೆ ನಿಂತವನು ನಾನು. ಮೊದಲ ಸಲ ಕೈಗೆ ಸೌಟು ಕೊಟ್ಟ ಸೋದರಮಾವ, "ನೀರಿನ ಗುಣ ತಿಳೀದೆ ಒಲೆ ಹೂಡ್ಬೇಡ ಮಾಣಿ" ಎಂದಿದ್ದರು. ಅವರು ಹೇಳಿದ್ದು ಒಲೆಗೆ. ನಾನದನ್ನು ಸಂಸಾರಕ್ಕೂ ಹಚ್ಚಿದೆ.

ಸಂಗತಿ ಇಷ್ಟು. ಮಣಲಿಯ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದ ದಿನವೆಲ್ಲ ನನ್ನ ಹೆಂಡತಿ ಸರಸ್ವತಿಗೆ ಉಬ್ಬಸ. ಔಷಧಿ ಬದಲಾಯಿಸಿ ಸಾಕಾದ ಡಾಕ್ಟರು, ಇನ್ನು ಊರನ್ನೇ ಬದಲಾಯಿಸಿ ಎಂದರು. ಅವಳ ಮುಖ ಅರಳಿತು. ಮದುವೆಯಾದಂದಿನಿಂದ ಅವಳು ಹೇಳುತ್ತಿದ್ದುದನ್ನು ಕೊನೆಗೂ ಒಬ್ಬರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ನಾನು ಕೋಯಂಬೇಡು ಮಾರುಕಟ್ಟೆಯಿಂದ ಒಳ್ಳೆಯ ತೊಗರಿಬೇಳೆ ತಂದು, ಸಣ್ಣ ಸ್ಟವ್ವಿನ ಜೊತೆ ಚೀಲಕ್ಕೆ ತುಂಬಿದೆ. ಕುಕ್ಕರ್ ಒಯ್ಯಲಿಲ್ಲ, ಕುಕ್ಕರಿನಲ್ಲಿ ಕಲ್ಲೂ ಬೇಯುತ್ತದೆ.

ಮೊದಲು ನೀಲಗಿರಿ. ಸರಸ್ವತಿ ಚಹಾ ತೋಟದ ಅಂಚಿನಲ್ಲಿ ನಿಂತು, ಹಸಿದವರು ಉಣ್ಣುವ ಹಾಗೆ ಉಸಿರು ಎಳೆದುಕೊಳ್ಳುತ್ತಿದ್ದಳು. ನಾನು ಲಾಡ್ಜಿನ ಬಚ್ಚಲಲ್ಲಿ ಕುಕ್ಕುರುಗಾಲಲ್ಲಿ ಕೂತು ಪಾತ್ರೆ ಇಣುಕುತ್ತಿದ್ದೆ. ಆ ಎತ್ತರದಲ್ಲಿ ನೀರು ಕುದಿಯುವುದೇನೋ ಬೇಗ, ಆದರೆ ಕುದಿತದಲ್ಲಿ ಕಸುವಿಲ್ಲ. ಎರಡು ತಾಸಾದರೂ ಬೇಳೆ ಮೆತ್ತಗಾಗಲಿಲ್ಲ. ಬೇಡ ಎಂದೆ. ಆಮೇಲೆ ಮೈಸೂರಿನ ಕಡೆಯ ಬಯಲು. ವಿಶಾಲ ಆಕಾಶ, ಒಣ ಗಾಳಿ, ಅವಳಿಗೆ ಒಂದು ಕೆಮ್ಮೂ ಇಲ್ಲ. ಬೋರಿನ ನೀರು ಮಾತ್ರ ಗಡಸು, ಬೇಳೆ ಬೇಯಲಿಲ್ಲ. ಬೇಡ. ಕೊನೆಗೆ ನಮ್ಮದೇ ಕುಂದಾಪುರದ ಕಡೆ, ಅವಳ ತಂಗಿಯ ಮನೆ. ಬಾವಿ ನೀರಿನಲ್ಲಿ ಬೇಳೆ ನೋಡನೋಡುತ್ತ ಬೆಣ್ಣೆಯಾಯಿತು. ನನಗೆ ದಿಕ್ಕು ತೋಚಲಿಲ್ಲ. "ಇಲ್ಲಿ ಸೆಕೆ ಜಾಸ್ತಿ" ಎಂದುಬಿಟ್ಟೆ. ಚೆನ್ನೈಯವನ ಬಾಯಲ್ಲಿ ಈ ಮಾತು ಕೇಳಿ ತಂಗಿಯ ಗಂಡ ಬಾಯಿಗೆ ಹಾಕಿದ ಎಲೆಯಡಿಕೆ ಅಗಿಯುವುದನ್ನೇ ನಿಲ್ಲಿಸಿದ.

ನಿಜ ಹೇಳಲೇ? ಹಿಂದಿನ ದಿನ ಪೇಟೆಯಲ್ಲಿ ಹಳೆಯ ಪರಿಚಯದವನೊಬ್ಬ, "ಎಂತ ಮಾರಾಯ, ಬಂದದ್ ಯಾವಾಗ, ಹ್ವಾಪುದ್ ಯಾವಾಗ?" ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದ್ದ. ಉತ್ತರಕ್ಕೂ ನಿಲ್ಲಲಿಲ್ಲ. ಕೋಯಂಬೇಡಿನಲ್ಲಾದರೆ ಇಂದಿಗೂ ನುಗ್ಗೆಕಾಯಿಯವನು "ವಾಂಗ ಮಾಸ್ಟರ್!" ಎಂದು ಕೂಗಿ ಬರಮಾಡಿಕೊಂಡು ಎಳೆಯ ಕಟ್ಟನ್ನು ತೆಗೆದಿಡುತ್ತಾನೆ. ಆ ಒಂದು 'ಮಾಸ್ಟರ್' ಬಿಟ್ಟು ಬದುಕುವ ಊರು ನಕ್ಷೆಯಲ್ಲಿ ನನಗೆ ಸಿಕ್ಕಿರಲಿಲ್ಲ. ತಪ್ಪನ್ನೆಲ್ಲ ಪಾಪದ ಬೇಳೆಯ ಮೇಲೆ ಹೇರಿದೆ.

ಮರಳಿ ಮನೆಗೆ ಬಂದ ಬೆಳಿಗ್ಗೆ ಸರಸ್ವತಿ ಅಡುಗೆಮನೆಯ ನಲ್ಲಿ ತಿರುಗಿಸಿ, ಪಾತ್ರೆ ತುಂಬಿಸಿ ನನ್ನ ಮುಂದಿಟ್ಟಳು.

"ಹ್ವಾಯ್, ಎಲ್ಲಾ ಊರ್ ನೀರ್ ಕಂಡ್ರಿ. ಇದ್ರಂಗೂ ಒಂದ್ ಸರ್ತಿ ಬೇಯ್ಸಿ ಕಾಣಿ."

"ಇದು ಉಪ್ಪುನೀರಲ್ದಾ? ನಾವು ಕ್ಯಾನ್ ನೀರಂಗೆ ಅಲ್ದಾ ಬೇಯ್ಸುದು?"

"ಕ್ಯಾನ್ ನೀಲಗಿರಿಯಂಗೂ ಸಿಕ್ಕತ್ತ್. ನೀವ್ ಬೇಯ್ಸಿ."

ಬೇಯಿಸಿದೆ. ಮಧ್ಯಾಹ್ನದವರೆಗೂ ಬೇಳೆ ನನ್ನನ್ನೇ ದಿಟ್ಟಿಸಿ ನೋಡುತ್ತಿತ್ತು. ಅವಳು ನಗಲಿಲ್ಲ, ಜಗಳವನ್ನೂ ಆಡಲಿಲ್ಲ. ಉಸಿರಿನ ಪಂಪನ್ನು ಎರಡು ಸಲ ಒತ್ತಿಕೊಂಡು, ಕೂಡಲೇ ತಂಗಿಗೆ ಫೋನ್ ಮಾಡಿದಳು. ಕುಂದಾಪುರಕ್ಕೆ ಟಿಕೆಟ್ಟು ಒಂದೇ ತೆಗೆಸಿದಳು.

ತಿಂಗಳಾಯಿತು. ಪಂಪು ಎಲ್ಲಿಟ್ಟಿದ್ದೇನೆಂಬುದೇ ಮರೆತುಹೋಗಿದೆ ಎಂದು ಫೋನಿನಲ್ಲಿ ಹೇಳುತ್ತಾಳೆ. ನನ್ನನ್ನು ಬನ್ನಿ ಎಂದು ಕರೆಯುವುದಿಲ್ಲ, ಬೇಡ ಎಂದೂ ಅನ್ನುವುದಿಲ್ಲ. ನಾನಿಲ್ಲಿ ಮಾಸ್ಟರಾಗಿಯೇ ಇದ್ದೇನೆ. ಕ್ಯಾನ್ ನೀರಿನಲ್ಲಿ ಬೇಳೆ ಸೊಗಸಾಗಿ ಬೇಯುತ್ತದೆ. ಒಬ್ಬನಿಗೆ ಎಷ್ಟು ಹಾಕಬೇಕೆಂಬುದು ಮಾತ್ರ ತಿಳಿಯುತ್ತಿಲ್ಲ. ನನ್ನ ಕೈಗೆ ಬರುವುದು ಇನ್ನೂರು ಜನರ ಅಳತೆ, ಇಬ್ಬರ ಅಳತೆ ಏನಿದ್ದರೂ ಅವಳಿಗೇ ಗೊತ್ತಿದ್ದದ್ದು.